ಚಾಪೆ ಹಾಸಿದಲ್ಲಿ ಮಲಗುವ ನಾಯಿ

ನಮ್ಮ ನಾಯಿ ಪಕ್ಕದ ಮನೆಯ ಉಮ್ಮನ ನಮಾಜಿನ ಚಾಪೆಯ ಮೇಲೆ ಮಲಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವನಿಗೆ ಹಾಗೆ ಮಲಗಲು ಕಲಿಸಿದವಳು ನಾನು. ಕಲಿಸಿದ್ದು ಉಮ್ಮನಿಗಾಗಿಯೇ.

ಆಗ ನಾನು ಕಾಸರಗೋಡಿನ ವಿದ್ಯಾನಗರದ ಹತ್ತಿರ ಒಂದು ಶಾಲೆಯಲ್ಲಿ ಟೀಚರು. ಬಿದ್ದು ಸೊಂಟ ಮುರಿದುಕೊಂಡ ಅಮ್ಮನನ್ನು ಪೆರ್ಲದಿಂದ ಕರೆತಂದು ನನ್ನ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡಿದ್ದೆ. ಹಾಸಿಗೆ ಹಿಡಿದ ಅಮ್ಮನಿಗೆ ಮೊದಲು ಮಾತು ಬೇಡವಾಯಿತು, ಆಮೇಲೆ ಊಟ ಬೇಡವಾಯಿತು. ಅವರನ್ನು ಮತ್ತೆ ಮನುಷ್ಯರನ್ನಾಗಿ ಮಾಡಿದವರು ಪಕ್ಕದ ಮನೆಯ ಬ್ಯಾರಿ ಹೆಂಗಸು. ಕೇರಿಯವರೆಲ್ಲರಂತೆ ನಾನೂ ಅವರನ್ನು ಉಮ್ಮ ಎನ್ನುತ್ತಿದ್ದೆ. ದಿನಾ ಇಳಿಹೊತ್ತಿನ ನಮಾಜು ಮುಗಿಸಿ, ಎರಡು ಮನೆಗಳ ನಡುವಿನ ಕೆಂಪುಕಲ್ಲಿನ ಗೋಡೆಯಲ್ಲಿ ಓಡಾಟಕ್ಕೆಂದು ಬಿಟ್ಟ ತಡಮೆ ದಾಟಿ ಬರುತ್ತಿದ್ದರು. ಅಮ್ಮನ ಪಕ್ಕ ಕೂತರೆಂದರೆ ಇಬ್ಬರೂ ತುಳುವಿನಲ್ಲಿ ಊರನ್ನೇ ಜಾಲಾಡುವುದು. ಅಮ್ಮನ ನಗು ಅಡುಗೆಮನೆಯವರೆಗೂ ಕೇಳುತ್ತಿತ್ತು. ಉಮ್ಮ ಬಂದ ದಿನ ಅಮ್ಮ ಉಣ್ಣುತ್ತಿದ್ದರು, ಬಾರದ ದಿನ ಇಲ್ಲ. ಲೆಕ್ಕ ಅಷ್ಟೇ.

ಇಂಥ ಹೊತ್ತಿನಲ್ಲಿ ಶಾಲೆಯ ಹಿತ್ತಿಲಿನಿಂದ ನಾನೊಂದು ನಾಯಿಮರಿ ಎತ್ತಿಕೊಂಡು ಬಂದೆ. ಬೇಲಿಯ ಮೇಲಿನ ಓತಿಯನ್ನು ಮಡಿಲಿಗೆ ಹಾಕಿಕೊಳ್ಳುವ ಬುದ್ಧಿ ನನಗೆ ಹುಟ್ಟಿನಿಂದಲೇ ಉಂಟು. ಮರಿ ಬೆಳೆದು ಮೊಣಕಾಲೆತ್ತರ ಆಯಿತು. ಯಾರು ಬಂದರೂ ಹಾರಬೇಕು, ನೆಕ್ಕಬೇಕು. ನಾಯಿಯ ಜೊಲ್ಲು ತಾಗಿದರೆ ಉಮ್ಮ ಹಾಗೆಯೇ ನಮಾಜಿಗೆ ನಿಲ್ಲುವಂತಿಲ್ಲ. ತಾಗಿದ ಜಾಗವನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಮಡಿಯ ಮನೆಯಲ್ಲಿ ಬೆಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಹಾರಿದಾಗಲೆಲ್ಲ ನಾನು ಓಡಿ ಬಂದು "ತಾಗಿತಾ ಉಮ್ಮ?" ಎಂದು ಕೇಳುವುದು.

"ಇಲ್ಲ ಟೀಚರೇ, ತಾಗ್ಲಿಲ್ಲ" ಎಂದು ಅವರು ಶಾಲು ಸರಿಮಾಡಿಕೊಂಡು ಒಳಗೆ ಹೋಗುವುದು.

ಹೀಗೆ ಎಷ್ಟು ದಿನ ತಪ್ಪಿಸಿಕೊಂಡಾರು? ಅವರು ಬರುವುದು ನಿಂತರೆ ಅಮ್ಮನ ಗತಿಯೇನು? ನನಗೆ ನಿಜಕ್ಕೂ ಹೆದರಿಕೆಯಾಯಿತು. ನಾಯಿಗೆ ತೆಪ್ಪಗೆ ಮಲಗಲು ಕಲಿಸಲೇಬೇಕೆಂದು ಹೊರಟೆ.

ಮಾತಿನಲ್ಲಿ ಆಗಲಿಲ್ಲ. ನಾನು ಕನ್ನಡದಲ್ಲಿ ಹೇಳುವುದು, ಅಮ್ಮ ಹಾಸಿಗೆಯಿಂದಲೇ ತುಳುವಿನಲ್ಲಿ ಗದರುವುದು, ಉಮ್ಮ ಬ್ಯಾರಿಯಲ್ಲಿ ಬೇಡಿಕೊಳ್ಳುವುದು. ಕಾಸರಗೋಡಿನ ನಾಯಿಯಾದರೂ ನಾಯಿಯೇ ತಾನೇ, ಪಾಪ, ಎಷ್ಟು ಭಾಷೆ ಕಲಿತೀತು? ಕೊನೆಗೆ ಮಾತನ್ನು ಬಿಟ್ಟು ಒಂದು ಹಳೆಯ ಚಾಪೆ ಹಿಡಿದೆ. ಚಾಪೆ ಬಿಡಿಸಿ ಹಾಸಿ ಪಕ್ಕದಲ್ಲಿ ಸುಮ್ಮನೆ ಕೂರುವುದು. ಅವನು ಹಾರಿದರೆ ಮುಖ ತಿರುಗಿಸುವುದು. ಚಾಪೆಯ ಮೇಲೆ ಕಾಲಿಟ್ಟರೆ ಬಿಸ್ಕೆಟಿನ ಚೂರು, ಮಲಗಿದರೆ ಇನ್ನೊಂದು. ಸೊಂಟ ಒಂದು ಬದಿಗೆ ವಾಲಿಸಿ, ಗಲ್ಲ ನೆಲಕ್ಕಿಟ್ಟು, ಮೂಗಿನಿಂದ ಉಸ್ಸೆಂದು ಉಸಿರು ಬಿಟ್ಟರೆ ಆಗ ದೊಡ್ಡ ಚೂರು. ನಾನು ಬೆರಳಿನಲ್ಲಿ ಚಿಟಿಕೆ ಹೊಡೆಯುವವರೆಗೆ ಏಳಬಾರದು. ಜಗಲಿಯಲ್ಲಿ ಕಲಿತದ್ದು ಜಗಲಿಗೇ ನಿಲ್ಲಬಾರದೆಂದು ಚಾಪೆಯನ್ನು ಅಂಗಳಕ್ಕೆ, ಹಿತ್ತಿಲಿಗೆ, ಹಲಸಿನ ಮರದ ಬುಡಕ್ಕೆ ಹೊತ್ತುಕೊಂಡು ಹೋದೆ. ಎಲ್ಲಿ ಚಾಪೆ ಬಿಚ್ಚಿದರೂ ಅಲ್ಲಿ ಅವನು ಬೆಣ್ಣೆಯಂತೆ ಕರಗಿ ಮಲಗುತ್ತಿದ್ದ. ಉಮ್ಮ ಒಳಗೆ ಹೋಗುವಾಗ ತಲೆಯನ್ನೂ ಎತ್ತುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಜಂಬ ಕೊಚ್ಚಿಕೊಂಡದ್ದಕ್ಕೆ ಮಿತಿಯಿಲ್ಲ.

ಆ ದಿನ ಉಮ್ಮನ ಮನೆಯ ಒಳಗೆ ಸುಣ್ಣ ಬಳಿಯುತ್ತಿದ್ದರು. ಹಾಗಾಗಿ ಅವರು ನಮಾಜಿನ ಚಾಪೆಯನ್ನು ಜಗಲಿಯಲ್ಲಿ ಹಾಸಿ, ಕೈಕಾಲು ಮುಖ ತೊಳೆಯಲು ಹಿಂದಿನ ನಳ್ಳಿಗೆ ಹೋಗಿದ್ದರು. ನಾನು ನಮ್ಮ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ನಾಯಿ ಕಾಣಲಿಲ್ಲ. ಗೋಡೆಯ ಆಚೆ ಇಣುಕಿದರೆ ಅಲ್ಲಿದ್ದಾನೆ, ನಾನು ಕಲಿಸಿದ ಹಾಗೆಯೇ, ಸೊಂಟ ವಾಲಿಸಿಕೊಂಡು, ಗಲ್ಲ ಊರಿಕೊಂಡು. ಸಜ್ಜನನಂತೆ ನನ್ನ ಕಡೆ ನೋಡಿ ಉಸ್ಸೆಂದು ಉಸಿರು ಬಿಟ್ಟ. ಬಿಸ್ಕೆಟಿಗೆ ಕಾಯುತ್ತಿದ್ದ.

ನನ್ನ ಕೈಯಿಂದ ಬಟ್ಟೆ ಬಿತ್ತು. ಚಿಟಿಕೆ ಹೊಡೆಯಲು ನೋಡಿದೆ, ಬೆರಳು ಜಾರಿ ಸದ್ದೇ ಬರಲಿಲ್ಲ. ಅಷ್ಟರಲ್ಲಿ ಉಮ್ಮ ಒದ್ದೆ ಕೈಯಲ್ಲಿ ಜಗಲಿಗೆ ಬಂದರು, ಹಿಂದೆಯೇ ಅವರ ಸೊಸೆ. ಸೊಸೆ ಬಾಯಿಗೆ ಕೈಯಿಟ್ಟುಕೊಂಡಳು. ಮುಗಿಯಿತು, ಇನ್ನು ನಮ್ಮ ಮನೆಗೆ ಉಮ್ಮನೂ ಇಲ್ಲ, ಅಮ್ಮನ ನಗುವೂ ಇಲ್ಲ ಎಂದುಕೊಂಡೆ. ಉಮ್ಮ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಚಿಟಿಕೆ ಹೊಡೆದರು. ನಾಯಿ ಎದ್ದು, ಮೈ ಕೊಡವಿ, ತಡಮೆ ದಾಟಿ ನನ್ನ ಬಳಿ ಬಂದ.

ಓಡಿ ಹೋದೆ. ಚಾಪೆ ನಾನೇ ತೊಳೆಯುತ್ತೇನೆ, ಹೊಸದು ತಂದುಕೊಡುತ್ತೇನೆ ಎಂದು ಏನೇನೋ ಬಡಬಡಿಸಿದೆ. "ಮೊದಲು ನಮ್ಮ ಅಂಗಳದ ಮಣ್ಣು ತರ್ತೇನೆ" ಎಂದೆ.

"ಮಣ್ಣು ಉಂಟು ಟೀಚರೇ" ಎಂದಳು ಸೊಸೆ.

ಹಿಂದಿನ ನಳ್ಳಿಯ ಪಕ್ಕ, ಗಲ್ಫಿನಿಂದ ಬಂದ ಹಾಲಿನಪುಡಿಯ ಹಳೇ ಡಬ್ಬವೊಂದು ಇತ್ತು. ಮುಚ್ಚಳ ತೆಗೆದಳು. ಒಳಗೆ ಜರಡಿ ಹಿಡಿದ ನುಣುಪಾದ ಕೆಂಪು ಮಣ್ಣು, ಅರ್ಧ ಖಾಲಿ.

"ಇದು ಯಾವಾಗಿನಿಂದ?"

"ನಿಮ್ಮ ನಾಯಿ ಬಂದಾಗಿನಿಂದ. ಮೊದಲೆಲ್ಲ ಉಮ್ಮ ನಿಮ್ಮಲ್ಲಿಂದ ಬಂದು ಸೀದಾ ಇಲ್ಲಿಗೇ ಬರುದು. ಹೆಚ್ಚುಕಮ್ಮಿ ದಿನಾ."

ನಾಯಿ ಚಾಪೆಯಲ್ಲಿ ಮಲಗಿದ್ದನ್ನು ಕಂಡಾಗ ಆದದ್ದಕ್ಕಿಂತ ದೊಡ್ಡ ಆಘಾತ ನನಗೆ ಆ ಡಬ್ಬವನ್ನು ಕಂಡಾಗ ಆಯಿತು. ಅಷ್ಟೂ ಸಲ ತಾಗಿತ್ತು. ಅಷ್ಟೂ ಸಲ ನನ್ನ ಮುಖ ನೋಡಿ ತಾಗಲಿಲ್ಲ ಎಂದಿದ್ದರು.

"ಹೇಳಬಾರದಿತ್ತಾ ಉಮ್ಮ?"

"ಹೇಳಿದ್ರೆ ನೀವು ಬರುದು ಬೇಡ ಅಂತಿದ್ರಿ" ಎಂದರು ಉಮ್ಮ, ಚಾಪೆಯ ಮೇಲೆ ನೀರು ಬಿಡುತ್ತಾ. "ಮತ್ತೆ ಅಮ್ಮ ಎಂತ ಮಾಡುದು? ನಾನಾದ್ರೂ ಎಂತ ಮಾಡುದು?"

ಅವರಿಗೂ ಅಮ್ಮ ಬೇಕಾಗಿದ್ದರು ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಮನೆಗೆ ಬಂದವಳೇ ಅಂಗಳದ ಮಣ್ಣು ತೆಗೆದು, ಜರಡಿ ಹಿಡಿದು, ಒಂದು ಡಬ್ಬಕ್ಕೆ ತುಂಬಿ ನಮ್ಮ ನಳ್ಳಿಯ ಬುಡದಲ್ಲಿಟ್ಟೆ. ನಾಯಿಗೆ ಚಾಪೆಯನ್ನು ಮರೆಸಿ ಗೋಣಿ ಹಾಸಿ ಕಲಿಸತೊಡಗಿದೆ. ಮರುದಿನ ಉಮ್ಮ ಎಂದಿನ ಹೊತ್ತಿಗೆ ಬಂದರು. ಡಬ್ಬವನ್ನು ಕಂಡು ನಿಂತು, ಬಗ್ಗಿ, ಒಂದು ಚಿಟಿಕೆ ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನೋಡಿದರು.

"ಜರಡಿ ಇನ್ನೂ ಸಣ್ಣದು ಬೇಕು ಟೀಚರೇ" ಎಂದು ಹೇಳಿ ಅಮ್ಮನ ಬಳಿ ಹೋದರು.