ನರ್ಸಮ್ಮನ ಪರವಾಗಿ ನಾನು ಆಡದ ಮಾತು

ನರ್ಸಮ್ಮನ ಎರಡೂ ಮಂಡಿಗಳ ಮೇಲೆ ಚರ್ಮ ಕಪ್ಪಗೆ, ಒರಟಾಗಿ ಗಂಟುಗಟ್ಟಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯಲು ಸೀರೆ ಎತ್ತಿ ಸಿಕ್ಕಿಸಿಕೊಂಡಾಗ ಕಾಣುತ್ತಿತ್ತು. ಆಸ್ಪತ್ರೆಯ ದುಡಿಮೆಯಿಂದ ಆದದ್ದೇನೋ ಅಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಬರಿ ನೆಲದ ಮೇಲೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಾರೆಂದು ಗೊತ್ತಾದದ್ದು ಆಮೇಲೆ.

ನರ್ಸ್ ಕೆಲಸದಿಂದ ನಿವೃತ್ತರಾಗಿ, ತುಮಕೂರಿನ ನಮ್ಮ ಬೀದಿಗೆ, ನಮ್ಮ ಪಕ್ಕದ ಮನೆಗೇ ಬಾಡಿಗೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಬೀದಿಗೆಲ್ಲ ನರ್ಸಮ್ಮ, ನನಗೆ ಆಂಟಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರಾದರೂ ಬಿಪಿ ಮಾತ್ರೆ ನಿಲ್ಲಿಸಿದ್ದಾರೆಂದು ಕಿವಿಗೆ ಬಿದ್ದರೆ ಅವರ ಮನೆಗೇ ಹೋಗಿ ಬೈದು ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುತ್ತಿದ್ದರು. ಮಧ್ಯಾಹ್ನ ಏಳೆಂಟು ಹೆಂಗಸರು ಅವರ ಹಾಲಿನಲ್ಲಿ ಕೂತು ಮೆಲುದನಿಯಲ್ಲಿ ಹಾಡಿ ಹೋಗುತ್ತಿದ್ದರು. ಅಷ್ಟೆ.

ಕೊರೊನಾದ ಎರಡನೇ ಅಲೆಯಲ್ಲಿ ನನ್ನ ಗಂಡನನ್ನು ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಾಕಿದ್ದರು. ಆರು ವರ್ಷದ ಮಗಳಿಗೂ ಜ್ವರ. ಕುಣಿಗಲ್ಲಿನ ಮೈದುನನಿಗೆ ಫೋನ್ ಮಾಡಿದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಬರೋಕಾಗಲ್ಲ ಅಂದ. ಮಾರನೇ ದಿನದಿಂದ ಫೋನೇ ಎತ್ತಲಿಲ್ಲ. ಎದುರು ಮನೆಯವರು ನಮ್ಮ ಕಡೆಯ ಕಿಟಕಿ ಮುಚ್ಚಿಕೊಂಡರು. ಮಗಳನ್ನು ಯಾರ ಕೈಗೆ ಕೊಟ್ಟು ಆಸ್ಪತ್ರೆಗೆ ಹೋಗಲಿ ಎಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದಾಗ ಆಂಟಿ ಗೇಟು ತೆಗೆದುಕೊಂಡು ಬಂದು ಮಗುವನ್ನು ಎತ್ತಿಕೊಂಡರು. ನಿಮಗೂ ಅಂಟುತ್ತೆ ಆಂಟಿ, ಭಯ ಆಗಲ್ವಾ ಎಂದೆ.

"ಆಗುತ್ತೆ ಕಣೇ. ಭಯ ಆದಾಗ್ಲೇ ನಾನು ಮಂಡಿಯೂರೋದು. ಏಳೋ ಹೊತ್ತಿಗೆ ಒಂದು ಕೆಲ್ಸಕ್ಕೆ ಆಗೋವಷ್ಟು ಧೈರ್ಯ ಕೊಟ್ಟಿರ್ತಾನೆ. ಇನ್ನೊಂದು ಕೆಲ್ಸಕ್ಕೆ ಮತ್ತೆ ಕೇಳ್ಬೇಕು," ಅಂದರು.

ಹದಿನೆಂಟು ದಿನ ಮಗಳು ಅವರ ಹತ್ತಿರವೇ ಇದ್ದಳು. ನಾನು ಆಸ್ಪತ್ರೆಗೆ ಹೊರಟಾಗಲೆಲ್ಲ, ನಿನ್ನ ಗಂಡನಿಗೋಸ್ಕರ ಪ್ರಾರ್ಥನೆ ಮಾಡಲಾ, ನಿನಗೆ ಬೇಜಾರಿಲ್ಲ ತಾನೇ, ಎಂದು ಕೇಳಿಯೇ ಮಾಡುತ್ತಿದ್ದರು. "ನಿಮ್ಮ ದೇವ್ರ ಮನೇಲಿ ದೀಪ ಹಚ್ಚಿಟ್ಟು ಹೋಗು," ಎಂದು ಎರಡು ಸಲ ನನ್ನನ್ನು ವಾಪಸ್ ಕಳಿಸಿದ್ದರು. ಗಂಡ ಬದುಕಿ ಮನೆಗೆ ಬಂದರು. ಬೋರಲು ಮಲಗಿಸಿ, ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಅವರನ್ನು ಓಡಾಡುವ ಹಾಗೆ ಮಾಡಿದವರೂ ಆಂಟಿಯೇ.

ಎರಡು ವರ್ಷವಾದ ಮೇಲೆ, ಬೀದಿಯ ಕೆಲವರು ಆಂಟಿ ಜನರನ್ನು ಮತಾಂತರ ಮಾಡುತ್ತಿದ್ದಾರೆಂದು ಪೊಲೀಸರಿಗೆ ಅರ್ಜಿ ಬರೆದರು. ನನ್ನ ಗಂಡ ಅದಕ್ಕೆ ಸಹಿ ಹಾಕಿದರು. ಯಾಕೆ ಎಂದು ಕೇಳಿದೆ. ಎಲ್ಲರೂ ಹಾಕುವಾಗ ನಾನೊಬ್ಬ ಬೇರೆ ನಿಲ್ಲೋಕಾಗುತ್ತಾ, ನಾಳೆ ಇದೇ ಬೀದೀಲಿ ಬದುಕಬೇಕು ಅಂದರು. ನಾನು ಊಟಕ್ಕೆ ತಟ್ಟೆ ಹಾಕಿದೆ.

ವಿಚಾರಣೆಗೆ ಪೊಲೀಸರೊಬ್ಬರು ಬಂದರು. ನರ್ಸಮ್ಮ ನಿಮ್ಮ ಹತ್ತಿರ ಏನಾದರೂ ಹೇಳಿದ್ದರಾ ಎಂದು ಕೇಳಿದರು. ಸುತ್ತ ಬೀದಿಯ ಗಂಡಸರು ನಿಂತಿದ್ದರು. "ಪ್ರಾರ್ಥನೆ ಮಾಡ್ತೀನಿ ಅಂತಿದ್ರು," ಅಂದೆ. ಅದು ಸುಳ್ಳಲ್ಲ. ಆದರೆ ಕೇಳಿಯೇ ಮಾಡುತ್ತಿದ್ದರು ಎನ್ನಲಿಲ್ಲ. ದೀಪದ ಮಾತು ಹೇಳಲಿಲ್ಲ. ಮಗಳ ಮಾತು ಎತ್ತಲಿಲ್ಲ. ನಾನು ಶಾಲೆಯಲ್ಲಿ ಕನ್ನಡ ಟೀಚರ್. ಯಾವ ಮಾತನ್ನು ಎಲ್ಲಿಗೆ ನಿಲ್ಲಿಸಿದರೆ ಏನರ್ಥ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆಂಟಿ ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಕೇಸೇನೂ ಆಗಲಿಲ್ಲ. ಮನೆ ಓನರ್ ಮಾತ್ರ ಖಾಲಿ ಮಾಡಿ ಎಂದರು. ಆಂಟಿ ಗುಬ್ಬಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಲಗೇಜ್ ಆಟೋಗೆ ಸಾಮಾನು ತುಂಬುವಾಗ ನಮ್ಮ ಮನೆಯಿಂದ ಯಾರೂ ಹೊರಗೆ ಬರಲಿಲ್ಲ. ಮಗಳು ಅಳುತ್ತಿದ್ದಳು. ಅವಳಿಗೆ ಟೀವಿ ಹಾಕಿ ಕೂರಿಸಿದೆ.

ವರ್ಷದ ಮೇಲೆ ಗುಬ್ಬಿಗೆ ಹೋಗಿ ಅವರನ್ನು ಕಂಡೆ. ಬಹಳ ಇಳಿದುಹೋಗಿದ್ದರು. ಮೊದಲು ಕೇಳಿದ್ದೇ ನನ್ನ ಗಂಡನ ಉಸಿರಾಟ ಹೇಗಿದೆ ಅಂತ. ತಪ್ಪಾಯಿತು ಆಂಟಿ, ಕ್ಷಮಿಸಿಬಿಡಿ ಎಂದೆ.

"ಕ್ಷಮಿಸಿದೀನಿ ಅಂತ ಬಾಯಲ್ಲಿ ದಿನಾ ಹೇಳ್ತೀನಿ. ಮನ್ಸಿಗೆ ಇನ್ನೂ ಬಂದಿಲ್ಲ ಕಣೇ. ಕೇಳ್ತಾ ಇದೀನಿ, ಕೊಡ್ತಾನೆ."

ಕೊಟ್ಟನೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ಹೋದ ವರ್ಷ ಆಂಟಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ನನ್ನ ವಿಚಾರ ಏನಾದರೂ ಹೇಳಿದ್ದರಾ ಎಂದು ಅವರ ತಂಗಿಯನ್ನು ಕೇಳಿದೆ. ಆಕೆ ಯೋಚಿಸಿ, ಇಲ್ಲಮ್ಮ, ಏನೂ ಹೇಳಲಿಲ್ಲ ಅಂದರು. ಗಂಡ ಬಂದಿರಲಿಲ್ಲ. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲವಂತೆ.

ವಾಪಸ್ ಬಂದು ಬಸ್ಸಿಳಿದು ಬೀದಿಗೆ ಕಾಲಿಟ್ಟಾಗ, ಜಗಲಿಯಲ್ಲಿ ಕೂತಿದ್ದ ಎದುರು ಮನೆಯವರು ಎಲ್ಲಿಗೆ ಹೋಗಿದ್ರಿ ಅಂದರು. ಅರ್ಜಿ ಬರೆದವರಲ್ಲಿ ಇಬ್ಬರು ಅಲ್ಲೇ ಇದ್ದರು.

"ನರ್ಸಮ್ಮ ಹೋಗ್ಬಿಟ್ರು. ನೀವೆಲ್ಲ ಬಾಗಿಲು ಹಾಕ್ಕೊಂಡಾಗ ನನ್ನ ಮಗೂನ ಸಾಕಿದ್ದು ಅವರು. ನಿಮ್ಮ ದೇವ್ರನ್ನ ಬಿಡು ಅಂತ ಯಾವತ್ತೂ ಅನ್ಲಿಲ್ಲ. ಅವತ್ತು ಪೊಲೀಸರ ಮುಂದೆ ನಾನು ಇದನ್ನ ಹೇಳ್ಲಿಲ್ಲ," ಎಂದೆ.

ಯಾರೂ ಜಗಳಕ್ಕೆ ಬರಲಿಲ್ಲ. ಒಬ್ಬರು, ಅಯ್ಯೋ ಪಾಪ, ಒಳ್ಳೆ ಹೆಂಗಸು ಅಂದರು. ಇನ್ನೊಬ್ಬರು ಊಟಕ್ಕೆ ಹೊತ್ತಾಯಿತೆಂದು ಎದ್ದರು. ಇಷ್ಟು ಸುಲಭವಿತ್ತು ಆ ಮಾತು.