ತೊಝಾಮಾ ಅಕ್ಕ ಸ್ಪೀಕರ್ ಆಯ್ಕೆ ಮಾಡಿದ್ದು

ತೊಝಾಮಾ ಅಕ್ಕನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ಕೂತಷ್ಟು ಹೊಸ ಕಾರುಗಳಲ್ಲಿ ನಮ್ಮೂರು ನ್ಯೂ ಬ್ರೈಟನ್ನಿನ ಯಾವ ಸಾಹುಕಾರನೂ ಕೂತಿಲ್ಲ. ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ತಯಾರಾದ ಗಾಡಿಯನ್ನು ಹಳ್ಳದಿಣ್ಣೆಯ ದಾರಿಯಲ್ಲಿ ಒಬ್ಬ ಓಡಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಅಕ್ಕ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಎಲ್ಲಿ ಏನು ಸಡಿಲವಾಗಿ ಗಿಲಕಿಯಂತೆ ಗಿಲಕಾಡುತ್ತಿದೆ ಎಂದು ಪತ್ತೆ ಮಾಡುವುದೇ ಅವರ ಕೆಲಸ. "ಎಡಗಡೆ ಹಿಂದಿನ ಬಾಗಿಲು, ಮೇಲಿನ ತಿರುಪು" ಎಂದರೆ ಮುಗಿಯಿತು. ಬಿಚ್ಚಿ ನೋಡಿದರೆ ಅದೇ ತಿರುಪು ಸಡಿಲವಾಗಿರುತ್ತಿತ್ತು.

ನಮ್ಮ ಭಾನುವಾರದ ಜಾಝ್ ಕೂಟದಲ್ಲಿ ಹದಿನೇಳು ಜನ. ಅವರಲ್ಲಿ ಅಕ್ಕನೊಬ್ಬರೇ ಹೆಂಗಸು. ಉಳಿದವರ ಮನೆಯ ಹೆಂಗಸರು ಅಡುಗೆಗೆ ಕೈಜೋಡಿಸಿ ಅಂಗಳದಲ್ಲಿ ಹರಟುತ್ತಿದ್ದರೆ, ಅಕ್ಕ ತಮ್ಮ ರೆಕಾರ್ಡುಗಳ ಚೀಲ ಹಿಡಿದು ನೇರ ಒಳಗೆ ಬಂದು ಕೂರುತ್ತಿದ್ದರು. ಪ್ರತಿವಾರ ಒಬ್ಬೊಬ್ಬರ ಮನೆಯಲ್ಲಿ ರೆಕಾರ್ಡು ಹಾಕಿ ಕೇಳುವುದು. ಇಸ್ತ್ರಿ ಮಾಡಿದ ಪ್ಯಾಂಟು, ಟೋಪಿ, ಮಿರಿಮಿರಿ ಮಿಂಚುವ ಬೂಟು. ಹಾಡು ರಂಗೇರಿದಾಗ ಒಬ್ಬ ನಡುವೆ ಬಂದು ಕಾಲು ಆಡಿಸುತ್ತಾನೆ, ಉಳಿದವರು ಸಿಳ್ಳೆ ಹಾಕುತ್ತಾರೆ. ಅಕ್ಕನ ಮನೆಯಲ್ಲಿ ಮಾತ್ರ ಕೂಟ ನಡೆದಿರಲಿಲ್ಲ. ಕೆಲಸದಿಂದ ನಿವೃತ್ತರಾದಾಗ ಅವರ ಹತ್ತಿರ ರೆಕಾರ್ಡ್ ಪ್ಲೇಯರ್ ಇತ್ತು, ಆಂಪ್ಲಿಫೈಯರ್ ಇತ್ತು. ಸ್ಪೀಕರ್ ಇರಲಿಲ್ಲ.

"ಸೊಂಟದೆತ್ತರಕ್ಕಾದ್ರೂ ಇರ್ಬೇಕು ಕಣಕ್ಕಾ" ಎಂದ ಡುಮಿಲೆ. ಅವನು ನಮ್ಮ ಕೂಟದ ಅಧ್ಯಕ್ಷ, ಹಿಂದೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. "ಸಣ್ಣದು ತಂದ್ರೆ ಕೂಟದ ಮಾನ ಏನಾಗ್ಬೇಕು?"

"ನನ್ನ ಮನೆ ಇರೋದೇ ಎರಡು ಕೋಣೆ. ಸೊಂಟದೆತ್ತರದ್ದು ತಂದ್ರೆ ನಾನೆಲ್ಲಿ ಕೂರ್ಲಿ? ಅದರ ತಲೆ ಮೇಲಾ?"

"ಕೂರೋದ್ಯಾಕೆ? ಕುಣೀರಿ!"

"ವಾರಕ್ಕೊಂದಿನ ಕುಣಿಯೋದು ಇದ್ದೇ ಇದೆ ಡುಮಿಲೆ. ಉಳಿದ ಆರು ದಿನ ನಂಗೆ ಕೂತು ಕೇಳ್ಬೇಕು."

ನನ್ನ ಹತ್ತಿರ ಒಂದು ಹಳೇ ಪಿಕಪ್ ಗಾಡಿ ಇತ್ತು, ಮನೆಯೂ ಅದೇ ಬೀದಿಯಲ್ಲಿ. ಹಾಗಾಗಿ ಆ ಶನಿವಾರ ಸ್ಪೀಕರ್ ಕೊಳ್ಳಲು ಅಕ್ಕನನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಅವರು ಒಂದೇ ಒಂದು ರೆಕಾರ್ಡ್ ಹಿಡಿದು ಗಾಡಿ ಹತ್ತಿದರು. ಪಿಯಾನೋ, ಕೆಳದನಿಯ ದೊಡ್ಡ ತಂತಿವಾದ್ಯ ಬಾಸು, ಡ್ರಮ್ಮು, ಒಂದು ಸ್ಯಾಕ್ಸೊಫೋನು, ಅಷ್ಟೇ ಅದರಲ್ಲಿ. "ಗೊತ್ತಿರೋ ಹಾಡಾದ್ರೆ ಸ್ಪೀಕರ್ ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ" ಎಂದರು.

ಮೊದಲು ಹೋದದ್ದು ಗಾಜಿನ ಗೋಡೆಯ ಹೊಸ ಅಂಗಡಿಗೆ. ಟೈ ಕಟ್ಟಿದ ಮಾರಾಟಗಾರ ತನ್ನ ಎದೆಮಟ್ಟದ ಒಂದು ಜೋಡಿ ಸ್ಪೀಕರ್ ತೋರಿಸಿದ.

"ಅಮ್ಮಾ, ಇದು ಐನೂರು ವಾಟು!"

"ಅದು ಕರೆಂಟು ತಿನ್ನೋದೆಷ್ಟು ಅಂತ ನಾನು ಕೇಳ್ಲಿಲ್ಲಪ್ಪ. ಮಾತಾಡೋದು ಹೇಗೆ ಅಂತ ಕೇಳಿಸು."

ಅವನು ಜೋರಾಗಿ ಹಾಕಿದ. ನನ್ನ ಹೊಟ್ಟೆಯೊಳಗಿದ್ದ ಬೆಳಗಿನ ಗಂಜಿಯೂ ಕುಣಿಯಿತು. ಅಕ್ಕ ಕೈಯೆತ್ತಿ, "ಸಣ್ಣಗೆ ಮಾಡು" ಎಂದರು.

"ಸಣ್ಣಗೆ ಮಾಡಿದ್ರೆ ಇದರ ತಾಕತ್ತು ಗೊತ್ತಾಗಲ್ಲಮ್ಮಾ."

"ನಮ್ಮನೆ ಗೋಡೆ ಆಚೆಗೆ ಆರು ತಿಂಗಳ ಕೂಸು ಮಲಗಿರುತ್ತೆ. ಸಣ್ಣಗೆ ಮಾಡಿದಾಗಲೇ ನಂಗೆ ಗೊತ್ತಾಗ್ಬೇಕಾಗಿರೋದು."

ಅವನು ಗುಂಡಿ ತಿರುಗಿಸಿದ. ಬಾಸು ಮಾಯವಾಯಿತು, ಪಿಯಾನೋ ಬಾವಿಯೊಳಗಿನಿಂದ ಕೂಗಿದ ಹಾಗಾಯಿತು. ಅಕ್ಕ ಪೆಟ್ಟಿಗೆಯ ಪಕ್ಕಕ್ಕೆ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಡಬ್ ಡಬ್ ಎಂದು ಪೊಳ್ಳು ಸದ್ದು. ಅವನಿಗೆ ಒಳ್ಳೆಯದಾಗಲಿ ಎಂದು ಹಾರೈಸಿ ಹೊರಗೆ ಬಂದರು.

ಆಮೇಲೆ ಹೋದದ್ದು ಕೊರ್ಸ್ಟೆನ್ ಬಡಾವಣೆಯ ಗಫೂರ್ ಸಾಹೇಬರ ಅಂಗಡಿಗೆ. ಹಳೆಯ ರೇಡಿಯೋ, ಟಿವಿ ರಿಪೇರಿ ಮಾಡಿ ಮಾರುವ ಮುದುಕರು ಅವರು. ಪುಸ್ತಕದ ಕಪಾಟಿನಲ್ಲಿ ಇಡುವಂಥ ಸಣ್ಣ ಸ್ಪೀಕರುಗಳ ಮೂರು ಜೋಡಿ ಅವರಲ್ಲಿದ್ದವು. "ಮೂರನ್ನೂ ಒಂದೇ ಜಾಗದಲ್ಲಿಡಿ, ಒಂದೇ ಹಾಡು, ಒಂದೇ ಸದ್ದು" ಎಂದು ಅಕ್ಕ ಷರತ್ತು ಹಾಕಿದರು. ಗಫೂರ್ ಸಾಹೇಬರು ಹುಬ್ಬೇರಿಸಿದರೂ ಎರಡು ಚಹಾ ಪೆಟ್ಟಿಗೆ ತಂದಿಟ್ಟು, ಅವುಗಳ ಮೇಲೆ ಒಂದೊಂದೇ ಜೋಡಿ ಕೂರಿಸಿದರು.

ಮೊದಲನೆಯದು ಮುಗಿದಾಗ ಅಕ್ಕ, "ಇದು ಬರೀ ಹಲ್ಲು ತೋರಿಸುತ್ತೆ" ಎಂದರು. ತಾಳದ ಛಣಛಣ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಎರಡನೆಯದು ನನಗೆ ಇಷ್ಟವಾಯಿತು, ಹಾಗೆಂದು ಹೇಳಿಯೂ ಬಿಟ್ಟೆ.

"ನಿಂಗೇನೋ ಇಷ್ಟ ಆಗುತ್ತೆ ಝೋಲಿಲೆ, ಚಹಾಕ್ಕೆ ಐದು ಚಮಚ ಸಕ್ಕರೆ ಹಾಕ್ಕೊಳೋನು. ಎಲ್ಲಕ್ಕೂ ಜೇನು ಸವರಿದೆ ಇದು. ಅಳಬೇಕಾದ ಸ್ಯಾಕ್ಸು ನಗ್ತಾ ಇದೆ."

ಮೂರನೆಯದು ಕಂದು ಬಣ್ಣದ, ಮೂಲೆಯೊಂದು ಚಕ್ಕೆ ಎದ್ದ ಜೋಡಿ. ಅದು ಹಾಡತೊಡಗಿದಾಗ ಅಕ್ಕ ಕಣ್ಣು ಮುಚ್ಚಿದರು. ರೆಕಾರ್ಡಿನ ಒಂದು ಮಗ್ಗಲು ಪೂರ್ತಿ ಮುಗಿಯಿತು. ಆಗ ಕಣ್ಣು ಬಿಟ್ಟು, "ಬಾಸಿನವನ ಬೆರಳು ತಂತಿ ಮೇಲೆ ಜಾರಿದ್ದು ಕೇಳ್ಸಿತು" ಎಂದರು. ಬೆಲೆ ಎಂಟುನೂರೈವತ್ತು ರ್ಯಾಂಡ್. ಗಾಜಿನ ಅಂಗಡಿಯಲ್ಲಿ ಆ ದುಡ್ಡಿಗೆ ಅರ್ಧ ಪೆಟ್ಟಿಗೆಯೂ ಬರುತ್ತಿರಲಿಲ್ಲ. ಅಕ್ಕ ಚೌಕಾಸಿ ಮಾಡಲಿಲ್ಲ.

ಮನೆಗೆ ತಂದು ಪಿಂಗಾಣಿ ಬಟ್ಟಲುಗಳ ಬೀರುವಿನ ಮೇಲಿಟ್ಟು ರೆಕಾರ್ಡು ಹಾಕಿದರೆ ಝೀ ಎನ್ನುವ ಸದ್ದು! ಬಾಸಿನ ಸ್ವರ ಕೆಳಗಿಳಿದಾಗಲೆಲ್ಲ ಝೀ. ಅಕ್ಕನ ಮುಖ ಕೆಂಡವಾಯಿತು. ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಮತ್ತೆ ನನ್ನ ಗಾಡಿ ಹತ್ತಿದರು.

ಗಫೂರ್ ಸಾಹೇಬರು ಅದೇ ಚಹಾ ಪೆಟ್ಟಿಗೆಗಳ ಮೇಲಿಟ್ಟು ನುಡಿಸಿದರು. ಒಂದು ಚೂರೂ ಅಪಸ್ವರವಿಲ್ಲ.

"ಪೆಟ್ಟಿಗೆ ಸರಿಯಾಗಿದೆ ಅಮ್ಮಾ. ನಡುಗ್ತಿರೋದು ನಿಮ್ಮನೆ."

"ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದೀನಿ ನಾನು! ನನ್ನ ಕಿವಿಗೇ ಪಾಠ ಹೇಳ್ತೀರಾ?"

"ಕಿವಿಗೆ ನಾನೇನೂ ಅಂದಿಲ್ಲ. ಮನೆಗಂದೆ" ಎಂದು ಅವರು ತಣ್ಣಗೆ ಚಹಾ ಹೀರಿದರು.

ಮನೆಯ ಮುಂದೆ ಇಳಿಯುವಾಗ ಅಕ್ಕ ತಲೆಗೆ ಕೈ ಹಚ್ಚಿಕೊಂಡು ನಕ್ಕುಬಿಟ್ಟರು. "ಕಾರಲ್ಲಿ ರೇಡಿಯೋ ಹಾಕಿದಾಗ ಬಾಗಿಲು ಗಿಲಕಾಡೋದು ಎಷ್ಟು ಸಲ ಹಿಡಿದಿದೀನಿ! ಒಂದು ಸಲನಾದ್ರೂ ರೇಡಿಯೋನ ಬೈದಿದ್ನಾ? ನನ್ನ ಮನೆ ಅಂದ್ಕೂಡ್ಲೆ ತಪ್ಪೇ ಇಲ್ಲ ಅಂದ್ಕೊಂಡೆ ನೋಡು."

ಒಂದು ವಾರ ಅವರು ತಮ್ಮದೇ ಮನೆಯ ತಪಾಸಣೆ ನಡೆಸಿದರು. ಬಟ್ಟಲುಗಳ ಕೆಳಗೆ ಫ್ಲಾನೆಲ್ ಹಾಸಿದರು. ನಮ್ಮೂರ ಗಾಳಿಗೆ ಸಡಿಲಗೊಂಡಿದ್ದ ಕಿಟಕಿ ಗಾಜಿಗೆ ಪುಟ್ಟಿ ಮೆತ್ತಿದರು. ಕಾರ್ಖಾನೆಯವರು ಕೊಟ್ಟ ಪ್ರಶಸ್ತಿಪತ್ರದ ಚೌಕಟ್ಟಿನ ಹಿಂದೆ ಬೆಣೆ ಇಟ್ಟರು. ಕಡೆಗೆ ಉಳಿದ ಒಂದು ಝೀ ಎಲ್ಲಿಯದೆಂದು ಎರಡು ದಿನ ಸಿಗಲಿಲ್ಲ. ಅದು ಬಾಗಿಲ ಹಿಂದೆ ನೇತುಹಾಕಿದ್ದ ಕೊಡೆಯ ಕಡ್ಡಿ. ಸ್ಪೀಕರುಗಳನ್ನು ಬೀರುವಿನಿಂದ ಇಳಿಸಿ, ಗೋಡೆಯಿಂದ ಒಂದು ಮೊಳ ಮುಂದೆ ಎರಡು ಎತ್ತರದ ಗಟ್ಟಿ ಪೀಠಗಳ ಮೇಲೆ, ಕೂತವರ ಕಿವಿಯ ಮಟ್ಟಕ್ಕೆ ಇಟ್ಟರು. ಕುರ್ಚಿ ಎಲ್ಲಿರಬೇಕೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು.

ನಂತರದ ಭಾನುವಾರ ಕೂಟ ಅವರ ಮನೆಯಲ್ಲಿ ಸೇರಿತು. ಶುಂಠಿ ಪಾನಕ, ಹಬೆಯಲ್ಲಿ ಬೇಯಿಸಿದ ಬ್ರೆಡ್ಡು, ಕುರಿಮಾಂಸ. ಡುಮಿಲೆ ಹೊಸಿಲು ದಾಟಿದವನೇ ಸುತ್ತ ನೋಡಿದ.

"ಬ್ರೆಡ್ ಡಬ್ಬಾ ಎರಡು ಕಾಣ್ತಿದೆ. ಸ್ಪೀಕರ್ ಎಲ್ಲಕ್ಕಾ?"

"ಟೋಪಿ ಹಾಕ್ಕೊಂಡೇ ಆ ಕುರ್ಚೀಲಿ ಕೂತ್ಕೊ. ಬಾಯಿ ಮಾತ್ರ ಮುಚ್ಕೊ."

ಅಕ್ಕ ಹಾಕಿದ್ದು ಡುಮಿಲೆಗೆ ಪ್ರಿಯವಾದ ರೆಕಾರ್ಡು. ಇಪ್ಪತ್ತು ವರ್ಷಗಳಿಂದ ಅವನು ಅದಕ್ಕೆ ಕುಣಿಯುತ್ತಿದ್ದಾನೆ. ಅರ್ಧ ಹಾಡಿಗೆ ಅವನು ಕುಳಿತಲ್ಲೇ ಎಗರಿದ. "ಕಿರ್ ಅಂತು! ಗಿಲಕಾಡ್ತಿದೆ ನಿಮ್ಮ ಡಬ್ಬಾ!"

"ಡಬ್ಬಾ ಅಲ್ಲಪ್ಪ. ರೆಕಾರ್ಡಲ್ಲಿ ಡ್ರಮ್ ಬಾರಿಸೋನು ಕೂತಿರೋ ಸ್ಟೂಲು. ನಾನು ಅಲ್ಲಿದ್ದಿದ್ರೆ ತಿರುಪು ಬಿಗಿ ಮಾಡ್ಸಿರ್ತಿದ್ದೆ."

ಮನೆ ತುಂಬ ನಗು. ಡುಮಿಲೆ ನಂಬಲಿಲ್ಲ. ಇನ್ನೊಮ್ಮೆ ಹಾಕಿಸಿದ, ಮತ್ತೊಮ್ಮೆ ಹಾಕಿಸಿದ. ಡ್ರಮ್ಮಿನವನು ಮೆಲ್ಲಗೆ ನುಡಿಸಲು ಮುಂದಕ್ಕೆ ಬಾಗಿದಾಗಲೆಲ್ಲ ಆ ಕಿರ್ ಬರುತ್ತಿತ್ತು. ಮೂರನೆಯ ಸಲ ಡುಮಿಲೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಇಪ್ಪತ್ತು ವರ್ಷ ಈ ಮನುಷ್ಯನ ಜೊತೆ ಕುಣಿದಿದೀನಿ ಕಣ್ರೋ" ಎಂದ. "ಅವನೊಬ್ಬ ಅಲ್ಲಿ ಕೂತಿದ್ದಾನೆ ಅನ್ನೋದು ಇವತ್ತು ಗೊತ್ತಾಯ್ತು."

ಆ ದಿನ ಕುಣಿಯಲು ಒಳಗೆ ಜಾಗ ಇರಲಿಲ್ಲ. ಕಿಟಕಿ ತೆರೆದು ಅಂಗಳದಲ್ಲಿ ಕುಣಿದೆವು. ಪಕ್ಕದ ಮನೆಯ ಕೂಸನ್ನು ಅದರ ತಾಯಿ ಎತ್ತಿಕೊಂಡು ಬಂದು ಬೇಲಿಯ ಬಳಿ ನಿಂತಳು.

ಈಗ ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನನ್ನು ಮಾತಾಡಿಸಲು ಹೋಗಿ ಪ್ರಯೋಜನವಿಲ್ಲ. ಮೊನ್ನೆ ಬುಧವಾರ ಮಾರುಕಟ್ಟೆಯಿಂದ ಅವರಿಗೆ ಕುಂಬಳಕಾಯಿ ತಂದಿದ್ದೆ. ಬಾಗಿಲು ತೆರೆದೇ ಇತ್ತು. ಅಕ್ಕ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡಿದ್ದರು, ಬೀನ್ಸ್ ಕಾಳು ಅರ್ಧ ಬಿಡಿಸಿ ಕೈ ನಿಂತಿತ್ತು. ನಾನು ಕರೆಯುವಷ್ಟರಲ್ಲಿ ಒಂದು ಬೆರಳೆತ್ತಿದರು.

"ಈ ಮಗ್ಗಲು ಮುಗೀಲಿ ಇರು."

ನಾನು ಕುಂಬಳಕಾಯಿಯನ್ನು ಪಕ್ಕಕ್ಕಿಟ್ಟು ಹೊಸಿಲ ಮೇಲೆ ಕೂತೆ. ಇನ್ನೂ ಎರಡು ಹಾಡುಗಳಿದ್ದವು.