ಎಡಗೈ ಕಲಿತ ಆಟ

ಹೊಸ ಲ್ಯಾಪ್‌ಟಾಪಿನ ಪೆಟ್ಟಿಗೆ ಬಿಚ್ಚಿದೊಡನೆ ಒಂದು ವಾಸನೆ ಏಳುತ್ತದಲ್ಲ, ಪ್ಲಾಸ್ಟಿಕ್ಕು ಥರ್ಮಾಕೋಲು ಬೆರೆತದ್ದು, ಅದು ಮೊನ್ನೆ ಸಿಂಧನೂರಿನ ಅಂಗಡಿಯೊಂದರಲ್ಲಿ ನನ್ನ ಮೂಗಿಗೆ ಬಡಿಯಿತು. ಅಣ್ಣನ ಮೊಮ್ಮಗಳು ಪಲ್ಲವಿಗೆ ಲ್ಯಾಪ್‌ಟಾಪ್ ಕೊಡಿಸಲು ಹೋಗಿದ್ದೆವು. ದೊಡ್ಡ ದೊಡ್ಡ ಆಟಗಳೂ ಓಡುವಂಥದ್ದೇ ಬೇಕೆಂದು ಅವಳದು ಪಟ್ಟು. ಅವಳ ತಾಯಿ ಸುಜಾತಾ ನನ್ನ ಕಡೆ ತಿರುಗಿ, "ಅತ್ತೀ, ನೀವರ ಬುದ್ಧಿ ಹೇಳ್ರಿ. ಓದಾಕ ಸಾದಾದ್ದು ಸಾಕಲ್ಲೇನ್ರಿ?" ಎಂದಳು. ನಾನೋ, ಮೂರೂರಿನ ಮಕ್ಕಳಿಗೆ ಟೈಪಿಂಗ್ ಕಲಿಸಿ, "ಆಟ ಆಡಾಕ ಬಂದೀರೇನು?" ಎಂದು ಗದರಿಯೇ ಹೆಸರು ಮಾಡಿದವಳು. ನನ್ನ ತೀರ್ಪು ತನ್ನ ಕಡೆಗೇ ಎಂದು ಸುಜಾತಾಗೆ ಖಾತ್ರಿ. ನಾನು ಪೆಟ್ಟಿಗೆಯತ್ತ ಬಾಗಿ ಮತ್ತೊಮ್ಮೆ ಮೂಸಿದೆ. ಅದೇ ವಾಸನೆ ಹಿಂದೊಮ್ಮೆ ನನ್ನ ಕೋಣೆ ತುಂಬಿತ್ತು.

ಎಂಬತ್ತರ ದಶಕದಲ್ಲಿ ಇದೇ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಅಣ್ಣನ ಕೋಣೆಯೊಂದರಲ್ಲಿ ಆರು ಟೈಪ್‌ರೈಟರ್ ಇಟ್ಟು ತರಗತಿ ಶುರು ಮಾಡಿದ್ದೆ. ಮಸ್ಕಿ, ಲಿಂಗಸುಗೂರಿನ ಹುಡುಗಿಯರು ಮೊದಲ ಬಸ್ಸಿಗೇ ಬರುತ್ತಿದ್ದರು. ಆರೂ ಮಷಿನ್ನು ಒಟ್ಟಿಗೆ ಹೊಡೆಯತೊಡಗಿದರೆ ಪಕ್ಕದ ಚಹಾದಂಗಡಿಯವನು ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ಮಾತಾಡಬೇಕಿತ್ತು. ಉಪ್ಪುಖಾರ ಸ್ವಲ್ಪ ಜಾಸ್ತಿ ಹಚ್ಚಿದೆ ಅನ್ನಿ. ಆದರೆ ಆ ಸದ್ದೆಂದರೆ ನನಗೆ ಜೀವ.

ತೊಂಬತ್ತರ ದಶಕದ ನಡುವಿನಲ್ಲಿ ಆ ಸದ್ದು ಇಳಿಯಿತು. ಇನ್ನು ಮುಂದೆ ಎಲ್ಲಾ ಕಂಪ್ಯೂಟರ್ ಅಂತೆ ಎಂಬ ಸುದ್ದಿ ಹಬ್ಬಿ, ಕೊನೆಗೆ ಮಸ್ಕಿಯ ಈರಮ್ಮ ಒಬ್ಬಳೇ ಉಳಿದಳು. ಅಣ್ಣ ಬಂದು ಬಾಗಿಲಲ್ಲೇ ನಿಂತ.

"ತಂಗೀ, ಸಾಕ್ ಮಾಡು. ಗೊಬ್ಬರದಂಗಡಿಯವ್ರು ಖೋಲಿ ಕೇಳಾಕತ್ಯಾರ."

"ಕೇಳ್ಲಿ. ನಾ ಬಿಡಂಗಿಲ್ಲ. ಕಂಪ್ಯೂಟರ್ ತರ್ತೀನಿ."

"ನಿನಗ ಬರ್ತದೇನು ಅದು?"

"ಬರಂಗಿಲ್ಲ. ಕಲೀತೀನಿ."

ಅವನು ನಕ್ಕ. "ಯುಗಾದಿ ತನಕ ನೋಡ್ತೀನಿ. ಹತ್ತು ಮಂದಿನರ ಸೇರ್ಲಿಲ್ಲಂದ್ರ ಖೋಲಿ ಅವ್ರಿಗೆ."

ಕಂಪ್ಯೂಟರ್ ತರಿಸಿಕೊಡುವವನೊಬ್ಬ ಲಿಂಗಸುಗೂರಿನಲ್ಲಿದ್ದ. ಎರಡನ್ನು ತೋರಿಸಿದ. ಒಂದು ಕಪ್ಪು ಬಿಳುಪಿನದು, ಇನ್ನೊಂದು ಬಣ್ಣದ್ದು, ಆಟಗಳಿದ್ದದ್ದು. "ಮೇಡಂನೋರ, ಆಟದ್ದು ನಿಮಗ್ಯಾಕ್ರಿ? ಟೈಪ್ ಮಾಡಾಕ ಇದು ಸಾಕು" ಎಂದ. ನನಗೆ ಸಾಕೆಷ್ಟು ಎಂದು ಹೇಳಲು ಇವನ್ಯಾರು? ಮೈಯೆಲ್ಲ ಉರಿಯಿತು. "ಯಾಕ, ನನ್ನ ಕಣ್ಣಿಗೆ ಬಣ್ಣ ಕಾಣಂಗಿಲ್ಲೇನು? ಅದನ್ನೇ ಕೊಡ್ರಿ" ಎಂದೆ. ಆರಿಸಿದ್ದು ಬುದ್ಧಿಯಿಂದಲ್ಲ, ಬರೀ ಸಿಟ್ಟಿನಿಂದ.

ಪೂಜೆ ಮಾಡಿ, ಕುಂಕುಮ ಹಚ್ಚಿ, ನೋಡಲು ಬಂದವರ ಎದುರಿಗೇ ಟೈಪ್ ಮಾಡಲು ಕೂತೆ. ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತಲೇ ಎಡಗೈ ಎತ್ತಿ ಹಿಡಿಕೆಯನ್ನು ಬಲಕ್ಕೆ ತಳ್ಳಬೇಕು. ವರ್ಷಗಟ್ಟಲೆ ತಳ್ಳಿದ ಕೈ. ಮೊದಲ ಸಾಲು ಮುಗಿಯಿತೋ ಇಲ್ಲವೋ, ಕೈ ತಾನಾಗಿ ಮೇಲೆದ್ದು ಪರದೆಯ ಕಪಾಳಕ್ಕೆ ಫಟಾರನೆ ಬಾರಿಸಿತು. ಎರಡನೇ ಸಾಲಿಗೂ ಅದೇ. "ಮೇಡಂ, ಅದಕ್ಯಾಕ ಹೊಡಿಯಾಕತ್ತೀರಿ?" ಎಂದಳು ಈರಮ್ಮ. ಬಂದವರು ನಗುತ್ತ ಹೋದರು, ಒಬ್ಬರೂ ಸೇರಲಿಲ್ಲ. ನಾಚಿಕೆಯಿಂದ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ?

ಮರುವಾರ ಈರಮ್ಮ ಅದರೊಳಗೊಂದು ಕಾರಿನ ಆಟ ಹುಡುಕಿದಳು. ಗದರಿ ಬಿಡಿಸಿದೆ. ಮಾರನೇ ಬೆಳಿಗ್ಗೆ ಒಬ್ಬಳೇ ಬಂದು, ಕದ ಮುಂದೆ ಮಾಡಿ, ಅದೇ ಆಟ ತೆರೆದೆ. ಬಲಗೈಯಿಂದ ಕಾರು ತಿರುಗಿಸಬೇಕು. ಎಡಗೈ ಒಂದು ಕೀಲಿಯನ್ನು ಒತ್ತಿಕೊಂಡೇ ಇರಬೇಕು, ಎತ್ತಿದರೆ ಕಾರು ನಿಂತುಬಿಡುತ್ತದೆ. ನನ್ನ ಕೈ ಎದ್ದಿತು, ಕಾರು ನಿಂತಿತು, ಹಿಂದಿದ್ದವರೆಲ್ಲ ಮುಂದೆ ಹೋದರು. ಮತ್ತೆ ಎದ್ದಿತು, ಮತ್ತೆ ನಿಂತಿತು. "ಬಾ ಮಗನ, ನೋಡೇಬಿಡ್ತೀನಿ" ಎಂದು ಸೆರಗು ಸಿಕ್ಕಿಸಿ ಕೂತೆ. ರೈಸ್ ಮಿಲ್ಲುಗಳು ಶುರುವಾದರೆ ಕರೆಂಟು ಕುಗ್ಗಿ ಮಷಿನ್ನು ಆರಿಹೋಗುತ್ತಿತ್ತು. ಹಾಗಾಗಿ ದಿನಾ ಆರಕ್ಕೇ ಹಾಜರಿ. ದಿನ ಕಳೆದಂತೆ ಕೈ ತೆಪ್ಪಗೆ ಕೂರುವುದನ್ನು ಕಲಿಯಿತು.

ಯುಗಾದಿಗೆ ವಾರವಿದ್ದಾಗ ಅಣ್ಣನನ್ನೂ, ನಕ್ಕು ಹೋದವರನ್ನೂ ಕರೆಸಿದೆ. ಒಂದಿಡೀ ಪುಟ ಹೊಡೆದೆ. ಎಡಗೈ ಮಿಸುಕಲಿಲ್ಲ. ಆ ವಾರದಲ್ಲೇ ಹನ್ನೆರಡು ಮಂದಿ ಸೇರಿದರು. ಕೋಣೆ ಉಳಿಯಿತು.

"ಹೆಂಗ್ ಕಲ್ತೀಯವಾ?" ಎಂದು ಅಣ್ಣ ಬೆರಗಾಗಿ ಕೇಳಿದ. "ಅಭ್ಯಾಸ" ಎಂದೆ. ಅವನು ತೀರಿಕೊಳ್ಳುವವರೆಗೂ ನಿಜ ಹೇಳಲಿಲ್ಲ. ಹೇಳಬೇಕಿತ್ತು. ಹೊಟ್ಟೆ ತುಂಬ ನಗುತ್ತಿದ್ದ.

"ಅತ್ತೀ, ಏನಂತೀರಿ?" ಅಂಗಡಿಯಲ್ಲಿ ಸುಜಾತಾ ಮತ್ತೆ ಕೇಳಿದಳು.

"ಆಟದ್ದನ್ನೇ ಕೊಡಸು" ಎಂದೆ. "ನಾ ಕಂಪ್ಯೂಟರ್ ಕಲ್ತದ್ದು ಕಾರಿನ ಆಟ ಆಡಿ. ಇಷ್ಟು ವರ್ಷ ಮುಚ್ಚಿಟ್ಟಿದ್ದೆ." ಅಂಗಡಿಯವನೆದುರೇ ಎಲ್ಲವನ್ನೂ ಹೇಳಿಬಿಟ್ಟೆ. ಸುಜಾತಾ ನಗುತ್ತ ಚೀಲದಿಂದ ದುಡ್ಡು ತೆಗೆದಳು.

ಪಲ್ಲವಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಒಂದು ಕಾರಿನ ಆಟ ಹಚ್ಚಿದಳು. ಎಡಗೈ ಕೀಲಿಯ ಮೇಲಿಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟು, ಥೇಟ್ ನನ್ನದೇ ದನಿಯಲ್ಲಿ, "ಏನಜ್ಜೀ, ಆಟ ಆಡಾಕ ಬಂದೀಯೇನು?" ಎಂದಳು.

"ಹೂನವಾ," ಎಂದೆ, "ಆಟ ಆಡಾಕೇ ಬಂದೀನಿ."